ಹಾರ್ಡನ್ ಆದ ಜಾಗೆ ಟ್ಯಾಪ್ ಹಾಕಬೇಡಿ

ಮಂಗಳೂರಿನ ಬೈಕಂಪಾಡಿಯ ನಮ್ಮ ವರ್ಕ್‌ಶಾಪ್‌ಗೆ ಬರುವ ಲೇತ್ ಚಕ್‌ಗಳಲ್ಲಿ (ಲೇತ್ ಯಂತ್ರದಲ್ಲಿ ಕೆಲಸದ ತುಂಡನ್ನು ‘ಜಾ’ ಎಂಬ ದವಡೆಗಳಿಂದ ಹಿಡಿಯುವ ಭಾಗ) ಒಂದೇ ದೂರು ಜಾಸ್ತಿ. ‘ಜಾ ಬೋಲ್ಟ್ ಹಿಡಿಯುವುದಿಲ್ಲ, ಥ್ರೆಡ್ ಹೋಗಿದೆ, ಒಮ್ಮೆ ಟ್ಯಾಪ್ ಓಡಿಸಿ ಕೊಡಿ.’ ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್ ಕತ್ತರಿಸುವ ಹತ್ಯಾರು. ಸಾದಾ ಕಬ್ಬಿಣವಾದರೆ ಸರಿ. ಆದರೆ ಮಾಸ್ಟರ್ ಜಾ, ಅಂದರೆ ಮೇಲಿನ ಜಾವನ್ನು ಬೋಲ್ಟ್ ಹಾಕಿ ಕೂರಿಸುವ ಕೆಳಗಿನ ಜಾ, ಹಾರ್ಡನ್ (ಕಾಯಿಸಿ ಗಡಸು) ಮಾಡಿದ್ದು. ಅದರ ಗಡಸು ರಾಕ್‌ವೆಲ್ ಸಿ ಅಳತೆಯಲ್ಲಿ 58–60 ಇದ್ದರೆ, 63–65ರ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟ್ಯಾಪ್ ಸ್ವಲ್ಪವೇ ಹೆಚ್ಚು ಗಡಸಾದ್ದರಿಂದ ಅದನ್ನು ಕತ್ತರಿಸುವುದಿಲ್ಲ. ಹಲ್ಲು ಹೋಗಿ, ಸಿಕ್ಕಿಕೊಂಡು, ಒಳಗೇ ಮುರಿಯುತ್ತದೆ. ಆಮೇಲೆ ಸ್ಪಾರ್ಕ್ ಇರೋಷನ್ ಯಂತ್ರದಲ್ಲಿ, ವಿದ್ಯುತ್ ಕಿಡಿಯಿಂದ ಸುಟ್ಟು ತೆಗೆಸಬೇಕು.

ನಾನು ಮೊದಲು ಫೈಲ್ (ಅರ) ಎಳೆದು ನೋಡುತ್ತೇನೆ. ಕಚ್ಚದೆ ಜಾರಿತೋ, ಅದು ಹಾರ್ಡನ್ ಆದದ್ದು, ಟ್ಯಾಪ್ ಪೆಟ್ಟಿಗೆಯಲ್ಲೇ ಇರಲಿ. ಸೀಮೆಎಣ್ಣೆ ಬಿಟ್ಟು, ಹಿತ್ತಾಳೆ ಬ್ರಷ್ ಹಾಕಿ, ಟಾರ್ಚ್ ಹಿಡಿದು ನೋಡಿ. ನಮ್ಮ ಮಳೆಗಾಲ, ಉಪ್ಪುಗಾಳಿ ಗೊತ್ತಲ್ವಾ? ಎಷ್ಟೋ ಸಲ ಇರುವುದು ತುಕ್ಕು ಮತ್ತು ಚಿಪ್ಸ್ ಅಷ್ಟೇ, ಥ್ರೆಡ್ ಚೆನ್ನಾಗಿಯೇ ಇರುತ್ತದೆ.

ನಿಜವಾಗಿ ಹಾಳಾಗಿದ್ದರೂ ಹೆಚ್ಚಾಗಿ ಮೇಲಿನ ಒಂದೆರಡು ಸುತ್ತು ಮಾತ್ರ. ಕಾರಣ ಗಿಡ್ಡ ಬೋಲ್ಟ್. ಎಂ12 (12 ಮಿ.ಮೀ. ವ್ಯಾಸದ) ಬೋಲ್ಟ್ ಕಡಿಮೆಯೆಂದರೂ 12 ಮಿ.ಮೀ. ಒಳಗೆ ಕಚ್ಚಬೇಕು. ಕೈಗೆ ಸಿಕ್ಕಿದ್ದನ್ನು ಹಾಕಿ, ಅಲೆನ್ ಕೀಗೆ ಪೈಪ್ ತುರುಕಿ ಬಿಗಿದರೆ ಪೂರ್ತಿ ಎಳೆತ ಆ ಎರಡು ಸುತ್ತಿನ ಮೇಲೆ ಬೀಳುತ್ತದೆ. ಅಂಚು ಮೇಲೆದ್ದು ದಾರಿ ಕಟ್ಟುತ್ತದೆ.

ಎದ್ದ ಅಂಚನ್ನಷ್ಟೇ ಪೆನ್ಸಿಲ್ ಗ್ರೈಂಡರಿನ ಡೈಮಂಡ್ ಪಾಯಿಂಟ್‌ನಿಂದ ತೆಗೆಯುತ್ತೇನೆ. ಮತ್ತೆ ಲ್ಯಾಪಿಂಗ್, ಅಂದರೆ ಪೇಸ್ಟ್ ಹಚ್ಚಿ ತಿಕ್ಕಿ ನಯ ಮಾಡುವುದು. ಹಿತ್ತಾಳೆ ಸರಳಿಗೆ ಎಂ12, 1.75 ಮಿ.ಮೀ. ಪಿಚ್‌ನ (ಸುತ್ತಿನಿಂದ ಸುತ್ತಿಗೆ ಇರುವ ದೂರ) ಥ್ರೆಡ್ ಹೊಡೆದು, ತುದಿಯಲ್ಲಿ ಉದ್ದಕ್ಕೆ ಸೀಳು ಹಾಕಿ, ನಯವಾದ ವಾಲ್ವ್ ಪೇಸ್ಟ್ (ಉಜ್ಜುವ ಪುಡಿ ಇರುವ ಪೇಸ್ಟ್) ಹಚ್ಚಿ, ಕೈಯಲ್ಲೇ ಹಿಂದೆ ಮುಂದೆ ತಿರುಗಿಸಬೇಕು. ಅವಸರ ಬೇಡ. ಬೋಲ್ಟ್ ಬೆರಳಲ್ಲೇ ಇಳಿಯತೊಡಗಿದ ಕೂಡಲೇ ನಿಲ್ಲಿಸಿ, ಇಲ್ಲದಿದ್ದರೆ ಒಳ್ಳೆ ಥ್ರೆಡ್ಡೂ ಸವೆಯುತ್ತದೆ. ಪೇಸ್ಟ್ ಚೂರೂ ಉಳಿಯದಂತೆ ತೊಳೆಯಿರಿ.

ಗ್ಯಾಸ್ ಹಿಡಿದು ಮೆದು ಮಾಡೋಣ ಅನ್ನುವವರಿದ್ದಾರೆ. ಬೇಡ ಮಾರಾಯ್ರೆ! ಸ್ಟೀಲ್ ನೀಲಿಯಾಗುವ ಹೊತ್ತಿಗೆ ಸುಮಾರು 300 ಡಿಗ್ರಿ ದಾಟಿರುತ್ತದೆ, ಗಡಸು ಇಳಿದಿರುತ್ತದೆ. ಗ್ರೈಂಡ್ ಮಾಡಿದ ಮುಖ ಸೊಟ್ಟಗಾದರೆ ಜಾ ಸರಿಯಾಗಿ ಜಾರುವುದೂ ಇಲ್ಲ.

ಥ್ರೆಡ್ ತಳದವರೆಗೂ ಹೋಗಿದ್ದರೆ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ) ಯಲ್ಲಿ ಕಾರ್ಬೈಡ್ ಥ್ರೆಡ್ ಮಿಲ್ (ತಿರುಗುತ್ತಾ ಥ್ರೆಡ್ ಕೊರೆಯುವ ಹತ್ಯಾರು) ಹಾಕಿ ತೂತನ್ನು ಎಂ14 ಮಾಡಬಹುದು. ಸುತ್ತಲೂ ಗೋಡೆ ಸಾಕಷ್ಟು ದಪ್ಪ ಇರಬೇಕು, ಮೇಲಿನ ಜಾದ ತೂತನ್ನೂ ದೊಡ್ಡದು ಮಾಡಬೇಕು. ಟಿ-ನಟ್ (ಬೋಲ್ಟಿನ ಥ್ರೆಡ್ ಇರುವ, ಬಿಚ್ಚಿ ತೆಗೆಯಬಹುದಾದ ಟಿ ಆಕಾರದ ತುಂಡು) ಇರುವ ಪವರ್ ಚಕ್ ಆದರೆ ಇಷ್ಟೆಲ್ಲ ಬೇಡ, ಹೊಸ ನಟ್ ಹಾಕಿ.

ರಿಪೇರಿಯಾದ ಚಕ್ ಜೊತೆ ನಾವು ಸಾಕಷ್ಟು ಉದ್ದದ ಆದರೆ ತೂತಿನ ತಳ ಮುಟ್ಟದ, 12.9 ಗ್ರೇಡಿನ (ಬಹಳ ಗಟ್ಟಿಯ) ಹೊಸ ಬೋಲ್ಟ್‌ಗಳನ್ನೂ ಕೊಡುತ್ತೇವೆ. ಹಳೆಯ ಗಿಡ್ಡ ಬೋಲ್ಟ್‌ಗಳನ್ನು ಕೇಳಿದರೂ ವಾಪಸ್ ಕೊಡುವುದಿಲ್ಲ.