ಆಲ್ಪ್ಸ್‌ಗೆ ಹೋಗೋರು ಟ್ರೈನ್ ಹತ್ತಬೇಕಾ, ಕಾರು ತಗೋಬೇಕಾ?

ಸ್ವಿಟ್ಜರ್‌ಲ್ಯಾಂಡಿಗೆ ಹೊರಟಿದೀವಿ, ಟ್ರೈನ್ ಪಾಸ್ ತಗೊಳ್ಳೋದಾ ಇಲ್ಲ ಕಾರ್ ಬಾಡಿಗೆಗೆ ತಗೊಳ್ಳೋದಾ ಅಂತ ಯಾರಾದ್ರೂ ಕೇಳಿದ್ರೆ, ಉಳ್ಕೊಳ್ಳೋದು ಯಾವ ಊರಲ್ಲಿ ಅಂತ ನಾನು ಮೊದ್ಲು ಕೇಳ್ತೀನಿ. ಯಾಕಂದ್ರೆ ವೆಂಗನ್, ಮ್ಯೂರೆನ್, ಝೆರ್ಮಾಟ್ ಈ ಊರುಗಳಿಗೆ ನಮ್ಮ ಕಾರನ್ನ ಬಿಡೋದೇ ಇಲ್ಲ. ಝೆರ್ಮಾಟ್‌ಗೆ ಹೋಗೋರು ಕೆಳಗೆ ಟೇಶ್ ಅನ್ನೋ ಊರಲ್ಲಿ ಕಾರ್ ನಿಲ್ಸಿ ಅಲ್ಲಿಂದ 12 ನಿಮಿಷ ಟ್ರೈನಲ್ಲಿ ಹೋಗ್ಬೇಕು, ವೆಂಗನ್‌ಗೆ ಲೌಟರ್‌ಬ್ರುನನ್ ಸ್ಟೇಷನ್ ಪಕ್ಕದ ಪಾರ್ಕಿಂಗಲ್ಲಿ ಬಿಟ್ಟು ಹೋಗ್ಬೇಕು. ಅಂದ್ರೆ ಕಾರಿನ ಬಾಡಿಗೆನೂ ಕೊಟ್ಟು, ಪಾರ್ಕಿಂಗ್ ದುಡ್ಡೂ ಕೊಟ್ಟು, ಅದರ ಮೇಲೆ ಟ್ರೈನ್ ಟಿಕೆಟ್ಟೂ ತಗೊಂಡಂಗಾಯ್ತು.

ನಾವು ಹೋಗಿದ್ದು ಐದು ಜನ, ನಾನು, ಹೆಂಡತಿ, ಮಗಳು, ಜೊತೆಗೆ ಅತ್ತೆ ಮಾವ. ಐದು ಜನ ಅಂದ್ರೆ ಕಾರೇ ಲಾಭ ಅಂತ ತುಂಬಾ ಜನ ಹೇಳ್ತಾರೆ, ಆದ್ರೆ ಐದು ಜನರ ಸೂಟ್‌ಕೇಸ್ ಸಣ್ಣ ಕಾರಿನ ಡಿಕ್ಕಿಲಿ ಹಿಡಿಯಲ್ಲ, ದೊಡ್ಡ ಗಾಡಿ ಬೇಕು, ಅದೂ ಆಟೋಮ್ಯಾಟಿಕ್ ಬೇಕು ಅಂದ್ರೆ ರೇಟ್ ಇನ್ನೂ ಜಾಸ್ತಿ, ಅಲ್ಲಿ ಗಾಡಿ ಓಡಿಸೋದು ಬಲಗಡೆ, ಎಡಗೈಗೆ ಗೇರ್ ಅಭ್ಯಾಸ ಆಗಿರೋ ನನಗೆ ಬಲಗೈಲಿ ಗೇರ್ ಹಾಕ್ಕೊಂಡು ಬೆಟ್ಟ ಹತ್ತೋ ಆಸೆ ಇರ್ಲಿಲ್ಲ. ಹಂಗಾಗಿ ಸ್ವಿಟ್ಜರ್‌ಲ್ಯಾಂಡ್ ಪೂರ್ತಿ ಟ್ರೈನು, ಆಮೇಲೆ ಇಟಲಿಯ ಡೋಲೊಮೈಟ್ಸ್ ಬೆಟ್ಟಗಳಿಗೆ ಮಾತ್ರ ಕಾರು ಅಂತ ಮಾಡ್ಕೊಂಡ್ವಿ. ಈಗ ಯಾರಾದ್ರೂ ಕೇಳಿದ್ರೂ ಇದನ್ನೇ ಹೇಳ್ತೀನಿ.

ಪಾಸ್ ವಿಷಯಕ್ಕೆ ಬರೋಣ, ಎಲ್ರಿಗೂ ತಲೆ ಕೆಡೋದು ಇಲ್ಲೇ. ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8, 15 ದಿನಕ್ಕೆ ಸಿಗತ್ತೆ, ಟ್ರೈನು, ಬಸ್ಸು, ಸರೋವರದ ಬೋಟು ಎಲ್ಲಾ ಅದ್ರಲ್ಲೇ. ಆದ್ರೆ ಯುಂಗ್‌ಫ್ರಾಯೋಖ್ (3,454 ಮೀಟರ್ ಎತ್ತರದ ಸ್ಟೇಷನ್) ಪೂರ್ತಿ ಫ್ರೀ ಅಂತ ಅಂದ್ಕೋಬೇಡಿ. ವೆಂಗನ್ ಅಥವಾ ಗ್ರಿಂಡೆಲ್‌ವಾಲ್ಡ್ ತನಕ ಮಾತ್ರ ಪಾಸ್ ನಡಿಯತ್ತೆ, ಅಲ್ಲಿಂದ ಮೇಲಕ್ಕೆ 25% ಅಷ್ಟೇ ಕಡಿಮೆ ಮಾಡ್ತಾರೆ. ಅದೇ ಪಾಸ್ ಬದಲು ಹಾಫ್ ಫೇರ್ ಕಾರ್ಡ್ ಇದ್ರೆ ಅರ್ಧ ರೇಟು. ದಿನಾ ಊರೂರು ಸುತ್ತೋರಿಗೆ ಪಾಸು, ಒಂದೇ ಊರಲ್ಲಿ ಉಳ್ಕೊಂಡು ದುಬಾರಿ ಬೆಟ್ಟಗಳನ್ನ ಹತ್ತೋರಿಗೆ ಹಾಫ್ ಫೇರ್. ರೀಗಿ, ಸ್ಟಾನ್ಸರ್‌ಹಾರ್ನ್ ಪಾಸಲ್ಲಿ ಫ್ರೀ, ಬೆಟ್ಟ ಒಂದು ನೋಡಿದ್ರೆ ಸಾಕು ಅನ್ನೋರು ಅಲ್ಲಿಗೇ ಹೋಗಿ, ನನ್ನ ಕೇಳಿದ್ರೆ ರೀಗಿ ಏನೂ ಕಮ್ಮಿ ಇಲ್ಲ. ಮಕ್ಕಳಿದ್ರೆ ಫ್ಯಾಮಿಲಿ ಕಾರ್ಡ್ ಮರೀದೆ ಕೇಳಿ, ಅಪ್ಪ ಅಮ್ಮನ ಜೊತೆ ಹೋಗೋ 16 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಜ್ಜಿ ತಾತನ ಜೊತೆ ಮಾತ್ರ ಕಳ್ಸಿದ್ರೆ ಈ ಲೆಕ್ಕ ನಡಿಯಲ್ಲ.

ಒಂದು ಎಚ್ಚರಿಕೆ ಹೇಳ್ಬೇಕು. ಇಂಟರ್‌ಲಾಕನ್ ಓಸ್ಟ್‌ನಲ್ಲಿ ನಿಂತಿರೋದು ನೋಡೋಕೆ ಒಂದೇ ಟ್ರೈನ್, ಆದ್ರೆ ಮುಂದೆ ಜ್ವೈಲ್ಯೂಚಿನೆನ್ ಅನ್ನೋ ಸಣ್ಣ ಸ್ಟೇಷನ್ನಲ್ಲಿ ಅದು ಎರಡು ಭಾಗ ಆಗಿ ಅರ್ಧ ಗ್ರಿಂಡೆಲ್‌ವಾಲ್ಡ್ ಕಡೆ, ಅರ್ಧ ಲೌಟರ್‌ಬ್ರುನನ್ ಕಡೆ ಹೋಗತ್ತೆ. ಬೋಗಿ ಮೇಲೆ ಊರಿನ ಹೆಸರು ಬರ್ತಿರತ್ತೆ. ನಮ್ಮ ಮಾವ ಅದನ್ನ ಜೋರಾಗಿ ಓದಿ ಹೇಳೋ ತನಕ ಒಬ್ರನ್ನೂ ಹತ್ತೋಕೆ ಬಿಡ್ತಿರ್ಲಿಲ್ಲ, ಮಗಳಿಗಂತೂ ನಾಚಿಕೆಯೋ ನಾಚಿಕೆ.

ಸ್ವಿಟ್ಜರ್‌ಲ್ಯಾಂಡಿಂದ ಬೆಟ್ಟ ದಾಟಿ ಇಟಲಿಗೆ ಇಳಿಯೋ ಬರ್ನಿನಾ ರೈಲ್ವೆ ಲೈನ್ ಬಿಡಲೇಬೇಡಿ. ಬರ್ನಿನಾ ಎಕ್ಸ್‌ಪ್ರೆಸ್‌ಗೆ ಸೀಟ್ ರಿಸರ್ವೇಷನ್ ಕಡ್ಡಾಯ, ಪಾಸ್ ಇದ್ರೂ ಅದಕ್ಕೆ ಬೇರೆ ದುಡ್ಡು. ಅದೇ ಹಳಿ ಮೇಲೆ ಮಾಮೂಲಿ ಲೋಕಲ್ ಟ್ರೈನೂ ಓಡತ್ತೆ, ರಿಸರ್ವೇಷನ್ ಬೇಡ, ಬೇಕಾದಲ್ಲಿ ಇಳ್ದು ಮುಂದಿನ ಟ್ರೈನ್ ಹಿಡೀಬಹುದು, ನಾವು ಹೋಗಿದ್ದು ಅದ್ರಲ್ಲೇ. 2,253 ಮೀಟರ್ ಎತ್ತರದ ಓಸ್ಪಿಜಿಯೋ ಬರ್ನಿನಾದಿಂದ 429 ಮೀಟರಿನ ಟಿರಾನೋ ತನಕ ಇಳಿಯತ್ತೆ, ಬ್ರೂಸಿಯೋ ಹತ್ರ ಕಲ್ಲಿನ ಸೇತುವೆ ಮೇಲೆ ದುಂಡಗೆ ಒಂದು ಸುತ್ತು ಹಾಕಿ ಅದೇ ಸೇತುವೆ ಕೆಳಗಿಂದ ಹೊರಗೆ ಬರತ್ತೆ. ಅತ್ತೆ ಕಿಟಕಿಗೆ ಮುಖ ಒತ್ತಿಕೊಂಡು ನಮ್ಮದೇ ಟ್ರೈನಿನ ಹಿಂದಿನ ಬೋಗಿ ನೋಡಿ, ಎದುರಿಂದ ಇನ್ನೊಂದು ಗಾಡಿ ಬರ್ತಿದೆ ನೋಡ್ರೋ ಅಂದ್ರು! ಕಾರ್ ಓಡಿಸೋನಿಗೆ ಇದ್ಯಾವುದೂ ಕಾಣ್ಸಲ್ಲ, ರೋಡ್ ನೋಡೋದೇ ಕೆಲ್ಸ.

ಟಿರಾನೋದಿಂದ ಮಿಲಾನ್, ವೆರೋನಾ ಮೇಲೆ ಬೊಲ್ಜಾನೋ, ಅಲ್ಲಿ ಕಾರ್ ತಗೊಂಡ್ವಿ. ಡೋಲೊಮೈಟ್ಸಲ್ಲಿ ಬಸ್ ಇದೆ, ಚೆನ್ನಾಗೇ ಇದೆ, ಆದ್ರೆ ಸೆಲ್ಲಾ, ಪೋರ್ಡೋಯ್ (2,239 ಮೀಟರ್) ಘಾಟಿಗಳಲ್ಲಿ ತಿರುವು ತಿರುವಿಗೂ ನಿಲ್ಲಿಸ್ಬೇಕು ಅನ್ಸತ್ತೆ, ಮಂಡಿ ನೋವಿರೋ ಹಿರಿಯರನ್ನ ಬಸ್‌ಸ್ಟಾಪಿಂದ ನಡೆಸೋದು ಕಷ್ಟ, ಅಲ್ಲಿ ಕಾರಿಗೆ ಕೊಟ್ಟ ದುಡ್ಡು ದಂಡ ಅಲ್ಲ. ಚಾರ್ಮಾಡಿ ಘಾಟಿ ಓಡ್ಸಿದೋರಿಗೆ ತಿರುವುಗಳೇನೂ ಹೆದರಿಕೆ ಇಲ್ಲ, ಹಿಂದೆ ಬರೋ ಬೈಕ್ ಗುಂಪುಗಳದ್ದೇ ಕಿರಿಕಿರಿ. ಆಲ್ಪೆ ಡಿ ಸಿಯೂಸಿ ಅನ್ನೋ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಮಾತ್ರ ಬೆಳಿಗ್ಗೆ 9ರಿಂದ ಸಂಜೆ 5ರ ತನಕ ಹೊರಗಿನ ಕಾರ್ ಬಿಡಲ್ಲ, ಕೇಬಲ್ ಕಾರಲ್ಲೇ ಹೋಗಿ.

ಕಾರನ್ನ ತಗೊಂಡ ಊರಲ್ಲೇ ವಾಪಸ್ ಕೊಡಿ, ಜ್ಯೂರಿಕಲ್ಲಿ ತಗೊಂಡು ಇಟಲಿಲಿ ಬಿಡ್ತೀವಿ ಅಂದ್ರೆ ಡ್ರಾಪ್ ಚಾರ್ಜೇ ಜೇಬು ಖಾಲಿ ಮಾಡತ್ತೆ. ಇಟಲಿ ಕಾರಲ್ಲಿ ಸ್ವಿಸ್ ಹೈವೇಗೆ ಹೋದ್ರೆ ವಿನ್ಯೆಟ್ ಅನ್ನೋ ಟೋಲ್ ಚೀಟಿ ಬೇಕು, 40 ಫ್ರಾಂಕ್, ಒಂದೇ ದಿನ ಓಡ್ಸಿದ್ರೂ ಪೂರ್ತಿ ವರ್ಷದ್ದೇ ತಗೋಬೇಕು. ಸ್ವಿಟ್ಜರ್‌ಲ್ಯಾಂಡಿನ ಫುರ್ಕಾ, ಗ್ರಿಮ್ಸೆಲ್ ಘಾಟಿಗಳ ಮೇಲೆ ಕಾರಲ್ಲಿ ಹೋಗೋ ಆಸೆ ಇದ್ರೆ ಜುಲೈ, ಆಗಸ್ಟ್, ಸೆಪ್ಟೆಂಬರ್ ನೋಡ್ಕೊಳಿ, ಏಪ್ರಿಲ್-ಮೇ ರಜಕ್ಕೆ ಹೋದ್ರೆ ಸಾಮಾನ್ಯವಾಗಿ ಹಿಮ ಬಿದ್ದು ರಸ್ತೆ ಮುಚ್ಚಿರತ್ತೆ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟನ್ನ ಊರು ಬಿಡೋಕೆ ಮುಂಚೆ ಆರ್‌ಟಿಓದಲ್ಲಿ ಮಾಡ್ಸಿ, ಡ್ರೈವರ್ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರ್ಲಿ, ಡೆಪಾಸಿಟ್ ಅಂತ ಅದ್ರಲ್ಲಿ ದುಡ್ಡು ಬ್ಲಾಕ್ ಮಾಡ್ತಾರೆ. ಇನ್ನು ಇಟಲಿ ಊರುಗಳ ಹಳೇ ಪೇಟೆ ಒಳಗೆ ಝಡ್‌ಟಿಎಲ್ (ಹೊರಗಿನ ಗಾಡಿ ಬಿಡದ ಜಾಗ) ಬೋರ್ಡ್ ಕಂಡ್ರೆ ಜಿಪಿಎಸ್ ಏನೇ ಹೇಳ್ಲಿ ಒಳಗೆ ಹೋಗ್ಬೇಡಿ, ಕ್ಯಾಮೆರಾ ಇರತ್ತೆ, ದಂಡದ ಕಾಗದ ತಿಂಗಳುಗಟ್ಟಲೆ ಬಿಟ್ಟು ಮನೆಗೆ ಬರತ್ತೆ.