ಹೊಳಪಿನ ಆಸೆಗೆ ನಂಬರ್ ತಿಂದೆ

ಕೊಡವರ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತು ಅಂದ್ರೆ ನಮ್ಮ ಅಂಗಡಿಯಲ್ಲಿ ಊಟಕ್ಕೂ ಪುರುಸೊತ್ತಿರೋದಿಲ್ಲ. ಕೊಡಗಿನಲ್ಲಿ ಕೋವಿ ರಿಪೇರಿ ಮಾಡೋರಿಗೆ ಅದೇ ಸೀಸನ್. ಪೂಜೆಯ ದಿನ ಕೋವಿಗೆ ಗಂಧ ಹಚ್ಚಿ, ನಳಿಗೆಯ ಬಾಯಿಗೆ ತೋಕ್ ಪೂ ಅನ್ನೋ ಹೂ ಸಿಕ್ಕಿಸುತ್ತಾರೆ. ಮರುದಿನ ಹೂ ತೆಗೆದು ಒರೆಸಿದರೆ ಕೋವಿ ಮೊದಲಿನಂತೆಯೇ. ಈಗಿನ ಹುಡುಗರಿಗೆ ಅಷ್ಟು ಸಾಲದು.

ಆ ವರ್ಷ ಒಬ್ಬ ಬೆಳೆಗಾರರು ಅಪ್ಪನ ಕಾಲದ 12 ಬೋರ್ ಎಸ್‌ಬಿಬಿಎಲ್, ಅಂದ್ರೆ ಹಿಂದಿನಿಂದ ತೋಟಾ ತುಂಬುವ ಒಂಟಿ ನಳಿಗೆ ಕೋವಿ, ತಂದರು. ಬೆಳೆ ರಕ್ಷಣೆಯ ಲೈಸೆನ್ಸ್. "ನಳಿಗೆ ಸ್ವಲ್ಪ ಗಿಡ್ಡ ಮಾಡಿ, ಸ್ಟೈಲಾಗಿ ಕಾಣುತ್ತೆ" ಅಂದರು. ಆಯುಧ ಕಾಯ್ದೆಯ 6ನೇ ಸೆಕ್ಷನ್ ನನಗೆ ಬಾಯಿಪಾಠ. ಅದಕ್ಕೇ ಬೇರೆ ಲೈಸೆನ್ಸ್ ಬೇಕು, ಆಗಲ್ಲ ಅಂದೆ. ಹಾಗಾದ್ರೆ ಬಂಗಾರದ ಅಂಚಿಟ್ಟು ಕನ್ನಡಿ ಹಾಗೆ ಹೊಳೆಸಿಕೊಡಿ ಅಂದರು. ಅದರಲ್ಲೇನಿದೆ, ಬರೀ ಪಾಲಿಶ್ ಅಲ್ವಾ ಅಂತ ಒಪ್ಪಿಕೊಂಡೆ. ಡಬಲ್ ಬ್ಯಾರಲ್ ಆಗಿದ್ದರೆ ಬ್ಲೂಯಿಂಗ್‌ಗೆ, ಅಂದ್ರೆ ಉಕ್ಕಿಗೆ ನೀಲಿಗಪ್ಪು ಬಣ್ಣ ಬರಿಸೋಕೆ, ಕಾಸ್ಟಿಕ್ ತೊಟ್ಟಿಗೆ ಇಳಿಸಬಾರದು, ನಡುವಿನ ಬೆಸುಗೆ ಬಿಡುತ್ತೆ, ಅಂತೆಲ್ಲ ಅವರಿಗೆ ಪಾಠ ಬೇರೆ ಹೇಳಿದೆ. ಅಷ್ಟು ತಿಳಿದವನು ನಾನು!

ಧಣಿ ಹೊಸದಾಗಿ ತಂದಿದ್ದ ಅಗ್ಗದ ಬಫ್ (ಪಾಲಿಶ್) ಮಷಿನ್‌ಗೆ ಇರೋದು ಒಂದೇ ಸ್ಪೀಡು. ನಿಧಾನದ್ದು ತನ್ನಿ ಅಂತ ಮೂರು ಸಲ ಹೇಳಿದ್ದೆ. "ಹಬ್ಬ ಮುಗೀಲಿ" ಅಂದಿದ್ದರು. ಆಕ್ಷನ್‌ನ, ಅಂದ್ರೆ ನಳಿಗೆಯ ಹಿಂದಿನ ಉಕ್ಕಿನ ಭಾಗದ, ಬದಿಯಲ್ಲಿ ತುಕ್ಕಿನ ಚುಕ್ಕೆಗಳಿದ್ದವು. ಹೋಗಲಿಲ್ಲ ಅಂತ ಎರಡು ಸಲ ಜಾಸ್ತಿ ಒತ್ತಿದೆ. ಚುಕ್ಕೆ ಹೋಯ್ತು. ಪಕ್ಕದಲ್ಲಿ ಪಂಚ್ ಹೊಡೆದಿದ್ದ ಕೋವಿಯ ಗುರುತಿನ ನಂಬರ್ ತೆಳ್ಳಗಾಗಿದ್ದು ಕಣ್ಣಿಗೆ ಬಿತ್ತು. ಬೆಳಕಿಗೆ ಓರೆ ಹಿಡಿದು ನೋಡಿದೆ, ಓದಬಹುದು ಅನ್ನಿಸ್ತು. ಸುಮ್ನೆ ಬ್ಲೂಯಿಂಗ್ ಮಾಡಿ ಕೊಟ್ಟುಬಿಟ್ಟೆ.

ಎರಡು ತಿಂಗಳಾದ ಮೇಲೆ ಪೊಲೀಸ್ ಸ್ಟೇಷನ್‌ನಿಂದ ಬೆಳೆಗಾರರ ಫೋನು. ಲೈಸೆನ್ಸ್ ರಿನೀವಲ್ ತಪಾಸಣೆ. "ಬೇಗ ಬಾ ಮಾರಾಯ, ನಂಬರ್ ಸಿಗ್ತಿಲ್ಲ ಅಂತಾರೆ."

ನಾನು ಹೋದಾಗ ಎಎಸ್‌ಐ ಮೊಬೈಲ್ ಟಾರ್ಚ್ ಹಿಡಿದು ಕೋವಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಲೈಸೆನ್ಸ್ ಪುಸ್ತಕದಲ್ಲಿ ಕೊನೆಯ ಎರಡು ಅಂಕಿ 38. ಕೋವಿಯ ಮೇಲೆ ಒಮ್ಮೆ 33 ಅನ್ನಿಸುತ್ತೆ, ಒಮ್ಮೆ 36. ಸೀಮೆಸುಣ್ಣ ತಿಕ್ಕಿ ನೋಡಿದರು, ಅಚ್ಚಿನಲ್ಲಿ ಪುಡಿ ನಿಲ್ಲಲೇ ಇಲ್ಲ. ಬೆಳೆಗಾರರು ನನ್ನ ಮುಖ ನೋಡಲಿಲ್ಲ, ಕಿಟಕಿ ಆಚೆ ನೋಡುತ್ತಾ ನಿಂತಿದ್ದರು. 8ನೇ ಸೆಕ್ಷನ್ ನನಗೂ ಗೊತ್ತು. ಕೋವಿಯ ನಂಬರ್ ಅಳಿಸುವುದೇ ಅಪರಾಧ. ಅಳಿಸಿದ ಕೋವಿ ಯಾರ ಹತ್ತಿರ ಇದೆಯೋ ಅವರೇ ಅಳಿಸಿದ್ದು ಅಂತ ಕಾನೂನು ಅಂದುಕೊಳ್ಳುತ್ತೆ, ಅಲ್ಲ ಅಂತ ತೋರಿಸೋದು ಅವರ ಪಾಡು. ಅಂದರೆ ತಪ್ಪು ನನ್ನದು, ಸಿಕ್ಕಿಕೊಂಡಿದ್ದು ಅವರು.

ಗಾಬರಿಯಲ್ಲಿ ಬಾಯಿಬಿಟ್ಟೆ: "ಸಾರ್, ನಾನೇ ಮತ್ತೆ ಪಂಚ್ ಹೊಡೆದು ಸರಿ ಮಾಡಿಕೊಡ್ತೀನಿ."

ಎಎಸ್‌ಐ ತಲೆ ಎತ್ತಿದರು. "ಅದು ಇನ್ನೊಂದು ಕೇಸು ಕಣಯ್ಯಾ."

ಆಮೇಲೆ ಹೊಳೆಯಿತು. ಫೋರೆಂಡ್, ಅಂದ್ರೆ ನಳಿಗೆಯ ಕೆಳಗಿನ ಮರದ ಹಿಡಿ, ಬಿಚ್ಚಿ ಮೇಜಿನ ಮೇಲಿಟ್ಟೆ. ಅದರ ಮರದ ಅಡಿ, ನಳಿಗೆಯ ತಳದಲ್ಲಿ ಅದೇ ನಂಬರ್ ಇತ್ತು, ಎಣ್ಣೆ ಮಣ್ಣು ಮೆತ್ತಿಕೊಂಡು. ಉಗುರಿನಲ್ಲಿ ಕೆರೆದೆ. 38. ಯಾರಿಗೂ ಕಾಣೋ ಜಾಗ ಅಲ್ಲ ಅಂತ ಅಲ್ಲಿ ಬಫ್ ಹೊಡೆದೇ ಇರಲಿಲ್ಲ. ನನ್ನ ಸೋಮಾರಿತನ ಆವತ್ತು ಇಬ್ಬರನ್ನೂ ಉಳಿಸಿತು. ನಮ್ಮ ರಿಪೇರಿ ರಿಜಿಸ್ಟರ್ ತರಿಸಿ, ಹೇಳಿಕೆ ಬರೆಸಿಕೊಂಡು, ಸಂಜೆ ಬಿಟ್ಟರು.

ಕೊಡವರಿಗೆ ವಿನಾಯಿತಿ ಇದೆಯಲ್ಲಾ ಅಂತ ಕೆಲವರು ಕೇಳ್ತಾರೆ. ಅದು ಕೋವಿ ಇಟ್ಟುಕೊಳ್ಳೋ ಲೈಸೆನ್ಸಿಗೆ, ನಂಬರಿಗೆ ಅಲ್ಲ. ಈಗ ಯಾರ ಕೋವಿ ಬಂದರೂ ಮೊದಲು ನಂಬರಿನ ಫೋಟೋ, ಅದರ ಮೇಲೆ ಎರಡು ಸುತ್ತು ಟೇಪು, ಆಮೇಲೆ ಮಷಿನ್. ಕೋವಿ ವಾಪಸ್ ಒಯ್ಯುವಾಗ ಗಿರಾಕಿಯೇ ನಂಬರ್ ಓದಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಕನ್ನಡಕ ಮರೆತು ಬಂದೆ ಅನ್ನೋರಿಗೆ ಅಂಗಡಿಯಲ್ಲೇ ಒಂದು ಭೂತಗನ್ನಡಿ ಇಟ್ಟಿದ್ದೇನೆ. ಅದೂ ನನ್ನ ದುಡ್ಡಲ್ಲೇ.

ಮಷಿನ್ ಮಾತ್ರ ಅದೇ ಇದೆ. ಇನ್ನೂ ಹಬ್ಬ ಮುಗಿದಿಲ್ಲವಂತೆ.