ಎರಡನೇ ಪದರದಿಂದ ಕೆಳಗಿಳಿಯುವ ದಾರಿ

ಬಿಟ್‌ಕಾಯಿನ್‌ನ ಮೂಲ ಜಾಲದಲ್ಲಿ ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್, ಅಂದರೆ ವ್ಯವಹಾರಗಳ ದಾಖಲೆಯ ಒಂದು ಕಟ್ಟು, ಸೇರುತ್ತದೆ. ಸೆಕೆಂಡಿಗೆ ಕೆಲವೇ ವ್ಯವಹಾರಗಳಿಗಿಂತ ಹೆಚ್ಚಿಗೆ ಅಲ್ಲಿ ಜಾಗವಿಲ್ಲ. ಈ ಇಕ್ಕಟ್ಟಿನ ಕಾರಣಕ್ಕೇ 2017ರಲ್ಲಿ ಅದರ ಬಳಗ ಒಡೆಯಿತು. ಬ್ಲಾಕಿನ ಗಾತ್ರವನ್ನೇ ಹೆಚ್ಚಿಸಬೇಕೆಂದವರು ಆಗಸ್ಟ್ 1ರಂದು ಬಿಟ್‌ಕಾಯಿನ್ ಕ್ಯಾಶ್ ಎಂಬ ಬೇರೆ ನಾಣ್ಯ ಮಾಡಿಕೊಂಡರು. ಉಳಿದವರು ಅದೇ ತಿಂಗಳು ವ್ಯವಹಾರದ ಸಹಿಗಳನ್ನು ಬೇರೆಯಾಗಿಡುವ ಸೆಗ್‌ವಿಟ್ ಎಂಬ ಬದಲಾವಣೆಯನ್ನು ಜಾರಿಗೆ ತಂದು, ಜೋಸೆಫ್ ಪೂನ್ ಮತ್ತು ಥಡ್ಡಿಯಸ್ ಡ್ರೈಜಾ ರೂಪಿಸಿದ್ದ ಲೈಟ್ನಿಂಗ್ ಜಾಲವನ್ನು, ಅಂದರೆ ಮೂಲ ಜಾಲದ ಮೇಲೆ ಕೂರುವ ಎರಡನೇ ಪದರವನ್ನು, ನೆಚ್ಚಿಕೊಂಡರು.

ಮಾಟುಂಗಾದ ಉಡುಪಿ ಹೋಟೆಲಿನವರು ಹಾಲಿನವರೊಂದಿಗೆ ತಿಂಗಳಿಡೀ ಪುಸ್ತಕದಲ್ಲಿ ಬರೆದಿಟ್ಟು ಕೊನೆಗೊಮ್ಮೆ ಲೆಕ್ಕ ಚುಕ್ತಾ ಮಾಡುವ ಕ್ರಮವೇ ಲೈಟ್ನಿಂಗ್‌ನ ತಿರುಳು. ವ್ಯತ್ಯಾಸವೆಂದರೆ, ಇಲ್ಲಿ ಸಾಲವಿಲ್ಲ. ಚಾನೆಲ್, ಅಂದರೆ ಇಬ್ಬರ ನಡುವಿನ ಇಂಥ ಲೆಕ್ಕ, ತೆರೆಯುವಾಗಲೇ ಇಬ್ಬರ ಸಹಿಯಿಲ್ಲದೆ ಕದಲದಂತೆ ಹಣವನ್ನು ಮೂಲ ಜಾಲದಲ್ಲಿ ಕಟ್ಟಿಡಬೇಕು. ಆಮೇಲೆ ಅದರ ಹಂಚಿಕೆಯನ್ನು ಎಷ್ಟು ಬಾರಿ ಬೇಕಾದರೂ ಕ್ಷಣಮಾತ್ರದಲ್ಲಿ ಬದಲಿಸಿಕೊಳ್ಳಬಹುದು. ಯಾರಾದರೂ ಹಳೆಯ ಲೆಕ್ಕವನ್ನು ಮುಂದಿಟ್ಟು ಮೋಸಕ್ಕೆ ಯತ್ನಿಸಿದರೆ, ಎದುರಿನವರು ನಿಗದಿತ ಅವಧಿಯೊಳಗೆ ಎಚ್ಚೆತ್ತರೆ, ಆ ಚಾನೆಲಿನ ಇಡೀ ಮೊತ್ತ ಎದುರಿನವರದಾಗುತ್ತದೆ. ನಂಬಿಕೆಯ ಜಾಗದಲ್ಲಿ ಇಂಥ ದಂಡವನ್ನಿಟ್ಟ ಈ ರಚನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಪದರಗಳೇ ಕೂಡದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಮುಂಬೈಯಲ್ಲಿ ನಾವು ದಿನವೂ ಬಳಸುವ ಯುಪಿಐಯಲ್ಲೂ ಹಣ ಸಂದಾಯವಾದ ಸಂದೇಶ ತಕ್ಷಣ ಬರುತ್ತದೆ, ಬ್ಯಾಂಕುಗಳ ನಡುವಿನ ನಿವ್ವಳ ಲೆಕ್ಕ ಮಾತ್ರ ಆಮೇಲೆ ರಿಸರ್ವ್ ಬ್ಯಾಂಕಿನ ಖಾತೆಗಳಲ್ಲಿ ಇತ್ಯರ್ಥವಾಗುತ್ತದೆ. ಆದರೆ ಅಲ್ಲಿ ತಂಟೆಯಾದರೆ ದೂರು ಕೊಡಲು ಬ್ಯಾಂಕಿದೆ, ಓಂಬುಡ್ಸ್‌ಮನ್ ಇದ್ದಾರೆ, ಕಾನೂನಿದೆ. ಲೈಟ್ನಿಂಗ್ ಬಳಸುವವರಿಗೆ ಇರುವ ಆಸರೆ ಒಂದೇ: ಚಾನೆಲ್ ಮುಚ್ಚಿ ಮೂಲ ಜಾಲಕ್ಕೆ ಇಳಿಯುವ ಹಕ್ಕು.

ಆ ಹಕ್ಕಿಗೂ ಬೆಲೆಯಿದೆ. ಚಾನೆಲ್ ತೆರೆಯುವುದೂ ಮುಚ್ಚುವುದೂ ಮೂಲ ಜಾಲದ ವ್ಯವಹಾರಗಳೇ; 2017ರ ಡಿಸೆಂಬರಿನಲ್ಲಿ ಅಂಥ ಒಂದು ವ್ಯವಹಾರದ ಸರಾಸರಿ ಶುಲ್ಕ 50 ಡಾಲರ್ ದಾಟಿತ್ತು. ಸಾವಿರ ರೂಪಾಯಿ ಇಟ್ಟುಕೊಂಡವನಿಗೆ ಅಂಥ ದಿನ ಕೆಳಗಿಳಿಯುವ ದಾರಿ ಮುಚ್ಚಿದಂತೆಯೇ. ಲೈಟ್ನಿಂಗ್‌ನ ಮೂಲ ಪ್ರಬಂಧವೇ ಈ ಮಿತಿಯನ್ನು ಮುಚ್ಚಿಡಲಿಲ್ಲ: 700 ಕೋಟಿ ಜನ ವರ್ಷಕ್ಕೆ ತಲಾ ಎರಡು ಚಾನೆಲ್ ತೆರೆಯಬೇಕಾದರೆ ಈಗಿನವಕ್ಕಿಂತ ಹತ್ತಾರು ಪಟ್ಟು ದೊಡ್ಡದಾದ 133 ಎಂಬಿ ಬ್ಲಾಕುಗಳು ಬೇಕೆಂದು ಅದರಲ್ಲೇ ಲೆಕ್ಕ ಹಾಕಿದ್ದಾರೆ. ಬ್ಲಾಕು ಚಿಕ್ಕದಿದ್ದರೆ ಸಾಕು, ಉಳಿದದ್ದನ್ನು ಎರಡನೇ ಪದರ ನೋಡಿಕೊಳ್ಳುತ್ತದೆ ಎನ್ನುವವರು ಈ ಅಂಕಿಗೆ ಉತ್ತರಿಸಬೇಕು.

ಉತ್ತರ ಸಿಗದ ಕಡೆ ಜನ ಸುಲಭದ ದಾರಿ ಹಿಡಿಯುತ್ತಾರೆ. 2021ರಲ್ಲಿ ಎಲ್ ಸಾಲ್ವಡಾರ್ ಬಿಟ್‌ಕಾಯಿನ್‌ಗೆ ಕಾನೂನುಬದ್ಧ ಹಣದ ಸ್ಥಾನ ಕೊಟ್ಟಾಗ ಸರ್ಕಾರವೇ ಹಂಚಿದ ಚಿವೋ ವಾಲೆಟ್‌ನಲ್ಲಿ ಕೀಲಿ, ಅಂದರೆ ಹಣ ಕದಲಿಸಲು ಬೇಕಾದ ಗುಪ್ತ ಸಂಖ್ಯೆ, ಬಳಕೆದಾರರ ಕೈಯಲ್ಲಿರಲಿಲ್ಲ. ಕೀಲಿ ಬೇರೆಯವರಲ್ಲಿದ್ದರೆ ದಂಡದ ನಿಯಮವಾಗಲಿ, ಚಾನೆಲ್ ಮುಚ್ಚುವ ಹಕ್ಕಾಗಲಿ ಸಾಮಾನ್ಯ ಬಳಕೆದಾರನಿಗೆ ದಕ್ಕುವುದಿಲ್ಲ.

ಹಾಗೆಂದು ಬ್ಲಾಕನ್ನು ಮನಬಂದಂತೆ ಹಿಗ್ಗಿಸುವುದನ್ನೂ ನಾನು ಬೆಂಬಲಿಸಲಾರೆ. ಮನೆಯ ಕಂಪ್ಯೂಟರಿನಲ್ಲಿ ಇಡೀ ಲೆಕ್ಕ ಪರಿಶೀಲಿಸುವ ಅವಕಾಶ ತಪ್ಪಿದರೆ ಮೂಲ ಪದರವೂ ಕೆಲವರ ಕೈಸೇರುತ್ತದೆ. ಒಂದೇ ಮೂಲ ವ್ಯವಹಾರವನ್ನು ಹಲವರು ಹಂಚಿಕೊಂಡು ಚಾನೆಲ್ ತೆರೆಯುವ ಚಾನೆಲ್ ಫ್ಯಾಕ್ಟರಿಯಂಥ ಪ್ರಸ್ತಾವಗಳಿವೆ. ಪಾವತಿಯ ವೇಗವನ್ನು ಇನ್ನಷ್ಟು ಹೆಚ್ಚಿಸುವ ಕೆಲಸಕ್ಕಿಂತ ಮೊದಲು ಈ ಪ್ರಸ್ತಾವಗಳಿಗೆ ಶ್ರಮ ಸಲ್ಲಬೇಕು ಎಂಬುದು ನನ್ನ ನಿಲುವು.